ಬಲ್ಮಠದ ಗುಡ್ಡದ ಮನೆ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಬಾದಾಮಿಯ ಬಂಡೆಗಳ ಕಡೆಗೋ ಹಂಪೆಯ ಕಲ್ಲುತೇರಿನ ಕಡೆಗೋ ಧಾವಿಸುತ್ತದೆ. ಅರಸರ ಪಟ್ಟಾಭಿಷೇಕ, ಕಾಳಗ, ಕೋಟೆಗಳ ಏಳುಬೀಳು ಇವೇ ಇತಿಹಾಸವೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ನಮ್ಮಂಥ ಮಾಸ್ತರರು ಹಾಗೆಯೇ ಕಲಿಸಿಯೂ ಇದ್ದೇವೆ. ಆದರೆ ಒಂದು ಮನೆಗೂ ಇತಿಹಾಸವುಂಟು. ಸೈನ್ಯವಿಲ್ಲದ, ಸಿಂಹಾಸನವಿಲ್ಲದ, ಒಂದು ಗುಡ್ಡದ ಮೇಲಿನ ಮನೆ ಒಂದು ನಾಡಿನ ನುಡಿಯ ಮೇಲೆ ಎಷ್ಟು ಗುರುತು ಬಿಡಬಲ್ಲುದೆಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ವಾಚಕರೇ, ನೀವು ಕುಳಿತಲ್ಲಿಯೇ ಒಮ್ಮೆ ಸುತ್ತಲೂ ನೋಡಿರಿ. ಹಳೆಯ ಮನೆಯಾಗಿದ್ದರೆ ನಿಮ್ಮ ತಲೆಯ ಮೇಲೆ ಮಂಗಳೂರು ಹಂಚು ಇದ್ದೀತು. ಮುಂಜಾನೆ ಓದಿ ಮಡಿಸಿಟ್ಟ ಕನ್ನಡ ವೃತ್ತಪತ್ರಿಕೆ ಪಕ್ಕದಲ್ಲಿದ್ದೀತು. ವಿದ್ಯಾವಂತರ ಮನೆಯಾದರೆ ಕಪಾಟಿನಲ್ಲಿ ಒಂದು ದಪ್ಪ ಕನ್ನಡ ನಿಘಂಟು ಇದ್ದೀತು. ಹಂಚು, ಪತ್ರಿಕೆ, ನಿಘಂಟು ಈ ಮೂರಕ್ಕೂ ಸಂಬಂಧವೇನು? ಮೂರರ ಬೇರನ್ನೂ ಹಿಡಿದು ಹೊರಟರೆ ನಾವು ಬಂದು ಸೇರುವುದು ಮಂಗಳೂರಿನ ಬಲ್ಮಠವೆಂಬ ಗುಡ್ಡಕ್ಕೆ, ಅಲ್ಲಿ ನೆಲೆಸಿದ ಬಾಸೆಲ್ ಮಿಶನ್ನಿನ ಮನೆಗೆ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡ್ ದೇಶದಲ್ಲಿ ರೈನ್ ನದಿಯ ದಂಡೆಯ ಮೇಲಿರುವ ಪಟ್ಟಣ. ೧೮೧೫ರಲ್ಲಿ ಅಲ್ಲಿ ಒಂದು ಕ್ರೈಸ್ತ ಮಿಶನ್ ಸಂಸ್ಥೆ ಹುಟ್ಟಿತು. ಸ್ವಿಸ್ ಜನರೂ ದಕ್ಷಿಣ ಜರ್ಮನಿಯ ಜನರೂ ಕೂಡಿ ನಡೆಸಿದ ಸಂಸ್ಥೆ ಅದು. ಆ ಕಾಲಕ್ಕೆ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವಿದ್ದುದರಿಂದ ಇಂಗ್ಲಿಷರಲ್ಲದ ಪಾದ್ರಿಗಳು ಇಲ್ಲಿಗೆ ಬಂದು ನೆಲೆಸುವುದು ಸುಲಭವಿರಲಿಲ್ಲ. ೧೮೩೩ರಲ್ಲಿ ಕಂಪನಿಯ ಸನ್ನದು ನವೀಕರಣವಾದಾಗ ಆ ಬಾಗಿಲು ತೆರೆಯಿತು. ಮರುವರ್ಷವೇ, ಅಂದರೆ ೧೮೩೪ರಲ್ಲಿ, ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಹಡಗು ಹತ್ತಿದರು. ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅಲ್ಲಿಂದ ಮಂಗಳೂರಿಗೆ ಬಂದರು.

ಅಂದಿನ ಮಂಗಳೂರು ಮದ್ರಾಸು ಇಲಾಖೆಗೆ ಸೇರಿದ ಕೆನರಾ ಜಿಲ್ಲೆಯ ಮುಖ್ಯ ಊರು. ೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಆ ಸೀಮೆ ಕಂಪನಿಯ ವಶಕ್ಕೆ ಬಂದಿತ್ತು. ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ನುಡಿಗಳು. ಕಚೇರಿಯಲ್ಲಿ, ಲೆಕ್ಕಪತ್ರದಲ್ಲಿ, ಪುರಾಣ ಪುಣ್ಯಕಥೆಯಲ್ಲಿ ಕನ್ನಡ. ಆದ್ದರಿಂದ ಬಂದವರು ಮೊದಲು ಕಲಿಯಬೇಕಾದುದು ಕನ್ನಡವನ್ನೇ. ೧೮೩೬ರಲ್ಲಿ ಅವರು ಮಂಗಳೂರಿನಲ್ಲಿ ಕನ್ನಡ ಶಾಲೆಯನ್ನು ತೆರೆದರು. ಅದೇ ವರ್ಷ ಈ ಕಥೆಯ ಮುಖ್ಯ ಪುರುಷರಲ್ಲೊಬ್ಬರಾದ ಹೆರ್ಮನ್ ಮೋಗ್ಲಿಂಗ್ ಭಾರತಕ್ಕೆ ಬಂದರು. ೧೮೩೭ರಲ್ಲಿ ಮಿಶನ್ನಿನವರು ಘಟ್ಟ ಹತ್ತಿ ನಮ್ಮ ಧಾರವಾಡಕ್ಕೆ ಬಂದು ನೆಲೆ ಮಾಡಿದರು; ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ. ಹೀಗೆ ನಮ್ಮ ಕಡೆಯ ಜನರಿಗೆ ಪರಿಚಿತವಾದ ಬಾಸೆಲ್ ಮಿಶನ್ ಶಾಲೆಗಳೂ ಬೆಟಗೇರಿಯ ಜರ್ಮನ್ ದವಾಖಾನೆಯೂ ಇದೇ ಮೂಲದಿಂದ ಬೆಳೆದವು.

ಬಲ್ಮಠದ ಗುಡ್ಡವು ಮಿಶನ್ನಿಗೆ ದೊರೆತುದು ೧೮೪೦ರಲ್ಲಿ. ಹಿಂದೆ ಕೆನರಾ ಜಿಲ್ಲೆಯ ಕಲೆಕ್ಟರರಾಗಿದ್ದ ಬ್ಲೇರ್ ಎಂಬವರು ಅಲ್ಲಿಯ ತಮ್ಮ ಸ್ವತ್ತನ್ನು ಮಿಶನ್ನಿಗೆ ದಾನವಾಗಿ ಕೊಟ್ಟರು. ಇಂದು ಬಲ್ಮಠವು ಮಂಗಳೂರು ನಗರದ ಗದ್ದಲದ ನಡುವೆ ಸಿಕ್ಕಿಕೊಂಡಿದೆ. ಅಂದು ಊರಿನಿಂದ ಎತ್ತರದಲ್ಲಿದ್ದ ನೆಲೆ ಅದು. ಮೋಗ್ಲಿಂಗರು ಅಲ್ಲಿ ವಸತಿಶಾಲೆ ನಡೆಸಿ ವಿದ್ಯಾರ್ಥಿಗಳ ನಡುವೆ ಬಾಳಿದರು. ೧೮೪೭ರಲ್ಲಿ ಉಪದೇಶಕರನ್ನು ತರಬೇತುಗೊಳಿಸುವ ಸೆಮಿನರಿಯೂ ಅಲ್ಲಿ ಆರಂಭವಾಯಿತು.

ಈ ಮನೆಯ ವೈಶಿಷ್ಟ್ಯ ತಿಳಿಯಬೇಕಾದರೆ ಇದರ ಸಮಕಾಲೀನವಾದ ಇನ್ನೊಂದು ಮಿಶನ್ ಮನೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕಾಗಿ ನೀವು ನನ್ನೊಡನೆ ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಬರಬೇಕು. ೧೮೨೦ರಲ್ಲಿ ಅಮೇರಿಕೆಯ ಪಾದ್ರಿಗಳು ಅಲ್ಲಿಗೆ ಹೋದರು. ೧೮೨೧ರಲ್ಲಿ ಹೊನೊಲುಲು ಪಟ್ಟಣದಲ್ಲಿ ಅವರಿಗಾಗಿ ಎದ್ದ ಮರದ ಮನೆ ಇಂದಿಗೂ ನಿಂತಿದೆ. ಅದರ ತೊಲೆ ಹಲಗೆಗಳನ್ನು ಬಾಸ್ಟನ್ನಿನಲ್ಲಿಯೇ ಕೊಯ್ದು ಸಿದ್ಧಪಡಿಸಿ, ದಕ್ಷಿಣ ಅಮೇರಿಕೆಯ ತುದಿಯನ್ನು ಬಳಸಿ ಹಡಗಿನಲ್ಲಿ ತಂದಿದ್ದರು. ೧೮೨೨ರಲ್ಲಿ ಅಲ್ಲಿ ಅಚ್ಚಿನ ಯಂತ್ರ ನಡೆಯತೊಡಗಿತು. ಹವಾಯಿ ಭಾಷೆಗೆ ಅದುವರೆಗೆ ಲಿಪಿಯಿರಲಿಲ್ಲ. ಹಾಡು, ವಂಶಾವಳಿ, ಪುರಾಣ ಎಲ್ಲವೂ ಕಂಠಸ್ಥ. ಪಾದ್ರಿಗಳು ರೋಮನ್ ಲಿಪಿಯಿಂದ ಹನ್ನೆರಡು ಅಕ್ಷರಗಳನ್ನು ಆರಿಸಿ, ಐದು ಸ್ವರ ಏಳು ವ್ಯಂಜನಗಳೆಂದು ನಿಶ್ಚಯಿಸಿ, ಆ ಜನಕ್ಕೆ ಓದುಬರಹ ಕಲಿಸಿದರು. ಆ ಮನೆ ಅಕ್ಷರದ ಮಟ್ಟಿಗೆ ಗುರುವಿನ ಸ್ಥಾನದಲ್ಲಿತ್ತು.

ಬಲ್ಮಠದಲ್ಲಿ ಹಾಗೆ ನಡೆಯುವಂತಿರಲಿಲ್ಲ. ಅಕ್ಷರ ಕಲಿಸುತ್ತೇವೆಂದು ಬಂದವರ ಎದುರಿಗೆ ನಿಂತದ್ದು ಸಾವಿರ ವರ್ಷಕ್ಕೂ ಮೀರಿ ಬರಹದಲ್ಲಿ ಬಾಳಿದ ನುಡಿ. ಹಲ್ಮಿಡಿಯ ಶಾಸನ ಐದನೆಯ ಶತಮಾನದ್ದು. ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು. ಅಂದು ಆ ಪಾದ್ರಿಗಳಿಗೆ ಇವುಗಳ ಪರಿಚಯವಿರಲಿಲ್ಲ. ಆದರೆ ಜೈಮಿನಿ ಭಾರತವನ್ನು ಜನ ವಾಚಿಸುವುದನ್ನೂ ದಾಸರ ಪದಗಳನ್ನು ಹಾಡುವುದನ್ನೂ ಅವರು ಕಿವಿಯಾರೆ ಕೇಳಿದರು. ತಮ್ಮ ಮಾತು ಈ ಜನಕ್ಕೆ ತಟ್ಟಬೇಕಾದರೆ ತಾವು ಮೊದಲು ಇವರ ಮಾತಿನ ಒಳಹೊಗಬೇಕೆಂದು ಅವರಿಗೆ ಹೊಳೆಯಿತು. ಬಳ್ಳಾರಿಯ ಲಂಡನ್ ಮಿಶನ್ನಿನ ರೀವ್ ಎಂಬವರು ಸಿದ್ಧಪಡಿಸಿದ ನಿಘಂಟು, ಕೇರಿ ಮತ್ತು ಮೆಕೆರೆಲ್ ಬರೆದ ವ್ಯಾಕರಣಗಳು, ಇಷ್ಟೇ ಆಗ ಅವರ ಕೈಗೆ ಸಿಗಬಹುದಾಗಿದ್ದ ಮುಖ್ಯ ಅಚ್ಚಿನ ಸಾಧನಗಳು. ಉಳಿದುದನ್ನೆಲ್ಲ ಮುನಶಿಗಳ ಮುಂದೆ ಕುಳಿತು, ಸಂತೆಯಲ್ಲಿ ನಿಂತು, ಓಲೆಗರಿ ತಿರುವಿ ಕಲಿಯಬೇಕಾಯಿತು. ಗುರುವಾಗಲು ಬಂದ ಮನೆ ಶಿಷ್ಯನಾಗಿ ಕುಳಿತುಕೊಂಡಿತು. ನನ್ನ ಎಣಿಕೆಯಲ್ಲಿ ಬಲ್ಮಠದ ಇತಿಹಾಸದ ತಿರುಳು ಇದೇ. ಆ ಮನೆ ಕಲಿಸಿದುದಕ್ಕಿಂತ ಕಲಿತುದೇ ನಮ್ಮ ಪಾಲಿಗೆ ಹೆಚ್ಚು ಉಳಿದಿದೆ.

೧೮೪೧ರಲ್ಲಿ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಇಂದಿನವರಿಗೆ ಕಲ್ಲಚ್ಚು ಎಂದರೇನೆಂಬುದು ಹೇಳಿದರಷ್ಟೇ ತಿಳಿದೀತು. ಅಂದವಾದ ಕೈಬರಹವುಳ್ಳ ಲೇಖಕನೊಬ್ಬನು ಜಿಡ್ಡಿನ ಶಾಯಿಯಿಂದ ವಿಶೇಷವಾದ ಕಾಗದದ ಮೇಲೆ ಇಡೀ ಪುಟವನ್ನು ಬರೆಯುತ್ತಾನೆ. ಆ ಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಒತ್ತಿ ಇಳಿಸುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚಿದರೆ, ನೀರು ಹಿಡಿದ ಭಾಗಕ್ಕೆ ಮಸಿ ಹತ್ತುವುದಿಲ್ಲ. ಜಿಡ್ಡಿನ ಅಕ್ಷರಗಳಿಗೆ ಮಾತ್ರ ಹತ್ತುತ್ತದೆ. ಅದರ ಮೇಲೆ ಕಾಗದವಿಟ್ಟು ಒತ್ತಿದರೆ ಪುಟ ಸಿದ್ಧ. ಕಾಗುಣಿತ, ಒತ್ತಕ್ಷರಗಳು ತುಂಬಿದ ನಮ್ಮ ಲಿಪಿಗೆ ನೂರಾರು ಮೊಳೆಗಳನ್ನು ಎರಕಹೊಯ್ಯುವ ತೊಂದರೆ ಇದರಲ್ಲಿ ಇರಲಿಲ್ಲ. ಬರೆಯುವ ಕೈ ಚೆನ್ನಾಗಿದ್ದರೆ ಪುಸ್ತಕವೂ ಚೆನ್ನ. ಹೀಗಾಗಿ ಆ ಮೊದಲ ಪುಸ್ತಕಗಳು ನೋಡಲು ಅಚ್ಚಿನ ಪುಸ್ತಕದಂತಿರದೆ ಹಸ್ತಪ್ರತಿಯಂತೆಯೇ ಇವೆ. ಆದರೆ ಕೆಲಸ ನಿಧಾನ.

ಈ ಕಲ್ಲಚ್ಚಿನಿಂದಲೇ ೧೮೪೩ರ ಜುಲೈ ೧ರಂದು "ಮಂಗಳೂರ ಸಮಾಚಾರ" ಹೊರಬಂತು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಸಂಪಾದಕರು ಮೋಗ್ಲಿಂಗ್. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಊರ ಸುದ್ದಿ, ಸರಕಾರದ ಅಪ್ಪಣೆಗಳು, ಪರದೇಶದ ವರ್ತಮಾನ, ನೀತಿಯ ಮಾತು, ಕಥೆ, ಇವೆಲ್ಲ ಅದರಲ್ಲಿರುತ್ತಿದ್ದವು. ಇಷ್ಟು ದಿನ ಕಚೇರಿಯವರ ಬಾಯಿಂದ ಬಾಯಿಗೆ ಹೋಗಿ ಬಣ್ಣಗೆಡುತ್ತಿದ್ದ ಸುದ್ದಿ ಒಂದೇ ರೂಪದಲ್ಲಿ ಎಲ್ಲರ ಕೈಗೂ ಬರುವಂತಾಯಿತು. ಸುದ್ದಿಯೆಂಬುದು ಅಧಿಕಾರಿಯ ಗುಟ್ಟಲ್ಲ, ಓದಬಲ್ಲ ಪ್ರತಿಯೊಬ್ಬನ ಹಕ್ಕು ಎಂಬ ಭಾವನೆ ನಮ್ಮ ನಾಡಿನಲ್ಲಿ ಬೇರೂರಲು ಇದು ಮೊದಲ ಹೆಜ್ಜೆ. ಮರುವರ್ಷ, ಅಂದರೆ ೧೮೪೪ರಲ್ಲಿ, ಮೊಳೆಯಚ್ಚಿನ ಅನುಕೂಲಕ್ಕಾಗಿ ಪತ್ರಿಕೆಯನ್ನು ಬಳ್ಳಾರಿಗೆ ಸಾಗಿಸಿ "ಕನ್ನಡ ಸಮಾಚಾರ" ಎಂದು ಹೆಸರಿಟ್ಟರು. ಹೆಚ್ಚು ಕಾಲ ಬಾಳದಿದ್ದರೂ ಅದು ಹುಟ್ಟಿದ ದಿನವನ್ನು ಕರ್ನಾಟಕದ ಪತ್ರಕರ್ತರು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಇಲ್ಲಿಯವರೆಗೆ ಕೇಳಿದವರಿಗೆ ಎಲ್ಲವೂ ಉಪಕಾರದ ಕಥೆಯೆಂದು ತೋರೀತು. ಇತಿಹಾಸ ಹೇಳುವವನು ತಕ್ಕಡಿಯ ಒಂದೇ ತಟ್ಟೆಯನ್ನು ತೋರಿಸಬಾರದು. ಆ ಮನೆ ಕಟ್ಟಿಕೊಂಡದ್ದು ಮತಪ್ರಸಾರಕ್ಕಾಗಿ. ಅದನ್ನು ಅವರೂ ಬಚ್ಚಿಡಲಿಲ್ಲ, ನಾವೂ ಮರೆಯಬೇಕಾಗಿಲ್ಲ. ಪತ್ರಿಕೆ ಬಳ್ಳಾರಿಗೆ ಹೋದ ೧೮೪೪ರಲ್ಲಿಯೇ, ಜನವರಿಯಲ್ಲಿ, ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿಯಾಗಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣರು ಕ್ರೈಸ್ತ ದೀಕ್ಷೆ ಪಡೆದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಕ್ಕಳನ್ನು ಓದಿಗೆಂದು ಕಳಿಸಿದ ತಾಯಿತಂದೆಗಳಿಗೆ, ಮಗ ಕೈಬಿಟ್ಟು ಹೋದನೆಂಬ ದುಃಖ. ಕೌಂಡಿನ್ಯರಿಗೆ ಚಿಕ್ಕಂದಿನಲ್ಲಿಯೇ ಮದುವೆಯಾಗಿತ್ತು. ಹೆಂಡತಿ ಅವರ ಹೊಸ ಮತಕ್ಕೆ ಬರಲಿಲ್ಲ, ಸಂಸಾರ ಒಡೆಯಿತು. ಆ ಹೆಣ್ಣುಮಗಳ ಪಾಡು ಏನಾಗಿದ್ದೀತೆಂಬುದನ್ನು ಹೆಣ್ಣು ಹೆತ್ತವರು ಊಹಿಸಬಲ್ಲರು.

ಕೌಂಡಿನ್ಯರು ೧೮೪೬ರಲ್ಲಿ ಬಾಸೆಲಿಗೆ ಹೋಗಿ ಐದು ವರ್ಷ ವ್ಯಾಸಂಗ ಮಾಡಿ, ೧೮೫೧ರಲ್ಲಿ ಪಾದ್ರಿ ದೀಕ್ಷೆ ಹೊಂದಿ ಹಿಂದಿರುಗಿದರು. ಆ ಸಂಸ್ಥೆಯಲ್ಲಿ ಕಲಿತು ಆ ಪದವಿ ಪಡೆದ ಮೊದಲ ಭಾರತೀಯರು ಅವರು. ಬಲ್ಮಠದಲ್ಲಿ ಅಧ್ಯಾಪಕರಾಗಿ ತಲೆಗೂದಲು ನೆರೆಯುವವರೆಗೆ ದುಡಿದರು. ಒಬ್ಬನು ತನ್ನ ಮನಸ್ಸಾಕ್ಷಿಯಂತೆ ನಡೆಯುವ ಸ್ವಾತಂತ್ರ್ಯ ಒಂದು ಕಡೆ. ಅದರಿಂದ ಸುತ್ತಲಿನವರಿಗಾದ ನೋವು ಇನ್ನೊಂದು ಕಡೆ. ಈ ಎರಡರಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವುದು ಇತಿಹಾಸವಾಗಲಾರದು.

ಈ ಮತಾಂತರದಿಂದಲೇ ಆ ಮನೆಗೆ ಮತ್ತೊಂದು ಹೊರೆ ಬಿತ್ತು. ಮತ ಬದಲಿಸಿದವನಿಗೆ ಜಾತಿಯ ಕಸುಬು ತಪ್ಪುತ್ತಿತ್ತು. ಕರಾವಳಿಯಲ್ಲಿ ಹೀಗೆ ಬಂದವರಲ್ಲಿ ಅನೇಕರು ಶೇಂದಿ ಇಳಿಸುವ ಬಿಲ್ಲವರು. ಆ ಕೆಲಸ ಮಿಶನ್ನಿನವರಿಗೆ ಒಪ್ಪಿಗೆಯಿರಲಿಲ್ಲ. ಪಿತ್ರಾರ್ಜಿತ ಆಸ್ತಿಯೂ ಕೈಬಿಟ್ಟು ಹೋಗುತ್ತಿತ್ತು. ಮತಾಂತರದಿಂದ ಆಸ್ತಿಯ ಹಕ್ಕು ಹೋಗಬಾರದೆಂಬ ಕಾಯದೆ ಬಂದುದು ೧೮೫೦ರಲ್ಲಿ. ಊಟಕ್ಕೆ ದಾರಿ ಮಾಡಿಕೊಡದೆ ಉಪದೇಶ ಕೊಟ್ಟರೆ ಆಗುವುದೇನು? ಆದ್ದರಿಂದ ಮಿಶನ್ನಿನವರು ಕೈಕಸುಬುಗಳಿಗೆ ಕೈಹಾಕಿದರು. ೧೮೫೧ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲವರು ಬಂದು ಬಲ್ಮಠದಲ್ಲಿ ಮಗ್ಗ ಹೂಡಿದರು. ಅದೇ ವರ್ಷ ಬಂದ ಪ್ಲೆಬ್ಸ್ಟ್ ಎಂಬವರು ಮೊಳೆಯಚ್ಚಿನ ಕೆಲಸವನ್ನು ನೆಲೆಗೊಳಿಸಿದರು. ಇದೇ ಪ್ಲೆಬ್ಸ್ಟರು ಕರಾವಳಿಯ ಜೇಡಿಮಣ್ಣಿನ ಗುಣ ಪರೀಕ್ಷಿಸಿ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಂಡು ಕೂಡುವ ಆ ಕೆಂಪು ಹಂಚು ಹುಲ್ಲು ಹೊದಿಕೆಯ ಬೆಂಕಿಯ ಭಯವನ್ನು ತಪ್ಪಿಸಿತು; ಮಳೆಗಾಲಕ್ಕೂ ತಡೆಯಿತು. ಕಾಲಕ್ರಮದಲ್ಲಿ ಘಟ್ಟ ಹತ್ತಿ ನಮ್ಮ ಮನೆಗಳ ಮೇಲೂ ಬಂದು ಕುಳಿತಿತು.

ಹಾಲರರ ಮಗ್ಗದ ವಿಷಯದಲ್ಲಿ ಒಂದು ಮಾತು. ಖಾಕಿ ಬಟ್ಟೆ ಹುಟ್ಟಿದ್ದೇ ಬಲ್ಮಠದಲ್ಲಿ ಎಂದು ಮಂಗಳೂರಿನ ಕಡೆ ಹೇಳುವುದುಂಟು. ಅವರು ಆ ಬಣ್ಣದ ಗಟ್ಟಿ ಬಟ್ಟೆ ತಯಾರಿಸಿದುದು, ಅದು ಹೆಸರಾದುದು ನಿಜ. ಆದರೆ ಹಾಲರರು ಬರುವ ಮೊದಲೇ, ೧೮೪೦ರ ದಶಕದಲ್ಲಿ, ವಾಯವ್ಯ ಗಡಿಯ ಗೈಡ್ಸ್ ಪಡೆಯವರು ಧೂಳಿನ ಬಣ್ಣದ ಉಡುಪು ತೊಟ್ಟಿದ್ದರು. ಶಬ್ದವೂ ಅದನ್ನೇ ಹೇಳುತ್ತದೆ. ಪಾರಸಿಯಲ್ಲಿ ಖಾಕ್ ಎಂದರೆ ಧೂಳು, ಮಣ್ಣು; ಆ ಬಣ್ಣದ್ದು ಖಾಕಿ. ಬಲ್ಮಠದ ಕೀರ್ತಿಗೆ ಇಲ್ಲದ ಗರಿ ಸಿಕ್ಕಿಸಬೇಕಾಗಿಲ್ಲ, ಇದ್ದದ್ದೇ ಬೇಕಾದಷ್ಟಿದೆ. ರಾಷ್ಟ್ರಧ್ವಜದ ಖಾದಿ ನೇಯ್ದು ಹೆಸರಾದ ಗರಗದವನಾದ ನನಗೆ ಮಗ್ಗದ ಬೆಲೆ ತಿಳಿಯದ್ದಲ್ಲ. ಮಗ್ಗವು ಬಡವನ ಮಾನ ಕಾಯುವ ಸಾಧನ. ಅದನ್ನು ಹೂಡಿಕೊಟ್ಟವರು ಯಾರೇ ಆಗಲಿ, ಅಷ್ಟರ ಮಟ್ಟಿಗೆ ಪುಣ್ಯವಂತರು.

ಇನ್ನು ನಮಗೆ, ಕನ್ನಡ ಓದುವವರಿಗೆ, ಎಲ್ಲಕ್ಕಿಂತ ಮಿಗಿಲಾದ ವಿಷಯಕ್ಕೆ ಬರುತ್ತೇನೆ. ೧೮೪೮ರಿಂದ ಕೆಲವು ವರ್ಷಗಳ ಕಾಲ ಮೋಗ್ಲಿಂಗರು "ಬಿಬ್ಲಿಯೋಥಿಕಾ ಕರ್ನಾಟಿಕಾ" ಎಂಬ ಗ್ರಂಥಮಾಲೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ನೀಲಗಿರಿಯಲ್ಲಿ ನೆಲೆಸಿದ್ದ ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಗಳು ಅದಕ್ಕೆ ಧನಸಹಾಯ ಮಾಡಿದರು. ಮಿಶನ್ ಮನೆಯಿಂದ ಯಾವ ಗ್ರಂಥಗಳು ಬಂದಾವೆಂದು ನೀವು ಎಣಿಸುತ್ತೀರಿ? ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ರಾವಣ ದಿಗ್ವಿಜಯವೆಂಬ ಯಕ್ಷಗಾನ, ದಾಸರ ಪದಗಳು! ಶೈವ, ವೈಷ್ಣವ, ಬಯಲಾಟ, ಯಾವುದನ್ನೂ ಬಿಡಲಿಲ್ಲ. ದಾಸರ ಪದಗಳು ೧೮೫೦ರಲ್ಲಿ ಅಚ್ಚಾದವು. ಗಾಯಕರ ಬಾಯಲ್ಲಿ, ಭಜನೆಯ ಕಟ್ಟಿನಲ್ಲಿ ಇದ್ದ ಪುರಂದರದಾಸರು ಕನಕದಾಸರು ಮೊದಲ ಬಾರಿಗೆ ಪುಸ್ತಕವಾದುದು ಒಬ್ಬ ಜರ್ಮನ್ ಪಾದ್ರಿಯ ಕೈಯಲ್ಲಿ.

ಇದೇಕೆ ಹೀಗಾಯಿತು? ಈ ಜನದ ಮನಸ್ಸನ್ನು ತಿಳಿದರೆ ತಮ್ಮ ಕೆಲಸ ಸುಗಮವಾದೀತೆಂಬ ಲೆಕ್ಕ ಮೊದಲಿಗೆ ಇದ್ದಿರಬೇಕು. ಹೊಸದಾಗಿ ಬರುವ ಪಾದ್ರಿಗಳಿಗೆ ಭಾಷೆ ಕಲಿಯಲು ಪಠ್ಯವೂ ಬೇಕಿತ್ತು. ಆದರೆ ಓದುತ್ತ ಓದುತ್ತ ಲೆಕ್ಕ ಹಿಂದಾಗಿ ರುಚಿ ಮುಂದಾಯಿತೆಂದು ನನ್ನ ನಂಬಿಕೆ. ಮೋಗ್ಲಿಂಗರು ೧೮೬೦ರಲ್ಲಿ ತಾಯ್ನಾಡಿಗೆ ಹೋಗಿ ನೆಲೆಸಿದ ಮೇಲೂ ಕನ್ನಡವನ್ನು ಬಿಡಲಿಲ್ಲ. ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪೌರ್ವಾತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರಿಯ ಲೆಕ್ಕಕ್ಕಾಗಿ ಓದಿದವನು ಲೆಕ್ಕ ಮುಗಿದ ಮೇಲೆ ಪುಸ್ತಕ ಮುಚ್ಚುತ್ತಾನೆ. ಇವರು ಮುಚ್ಚಲಿಲ್ಲ. ಅವರ ಸೇವೆಯನ್ನು ಮನ್ನಿಸಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿಯೇ ಗೌರವ ಡಾಕ್ಟರೇಟು ಕೊಟ್ಟಿತ್ತು. ೧೮೮೧ರಲ್ಲಿ ಅವರು ತೀರಿಕೊಂಡರು.

ಮೋಗ್ಲಿಂಗರು ಬಿತ್ತಿದುದನ್ನು ಬೆಳೆದು ರಾಶಿ ಮಾಡಿದವರು ಫರ್ಡಿನೆಂಡ್ ಕಿಟೆಲ್. ಇವರು ನಮ್ಮವರೆಂದು ಹೇಳಿಕೊಳ್ಳಲು ಧಾರವಾಡದವರಿಗೆ ಕಾರಣವುಂಟು. ಉತ್ತರ ಜರ್ಮನಿಯ ಕಡಲತೀರದಲ್ಲಿ ೧೮೩೨ರಲ್ಲಿ ಹುಟ್ಟಿದ ಕಿಟೆಲ್ಲರು ೧೮೫೩ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದರು. ಧಾರವಾಡದ ಮಿಶನ್ ನೆಲೆಗೆ ಬಂದು ಇಲ್ಲಿಯೇ ಕನ್ನಡಕ್ಕೆ ಓನಾಮ ಹಾಕಿದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿಯೂ ಇದ್ದರು. ಧರ್ಮೋಪದೇಶಕ್ಕಿಂತ ಶಬ್ದಗಳ ಬೆನ್ನು ಹತ್ತುವುದರಲ್ಲಿಯೇ ಇವರಿಗೆ ಆಸಕ್ತಿ ಹೆಚ್ಚೆಂದು ಮೇಲಿನವರಿಗೆ ಅಸಮಾಧಾನವೂ ಇದ್ದಿತು. ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು "ಕಥಾಮಾಲೆ" ಎಂದು ಷಟ್ಪದಿಯಲ್ಲಿ ಬರೆದರು. ಪರದೇಶದ ಕಥೆ, ನಮ್ಮ ಛಂದಸ್ಸು! ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ನಮ್ಮಂಥ ಪಂಡಿತ ಪರೀಕ್ಷೆಗೆ ಕುಳಿತವರೆಲ್ಲ ಸೂತ್ರ ಬಾಯಿಪಾಠ ಮಾಡುತ್ತ ಬೈದುಕೊಂಡ ಆ ಕೇಶಿರಾಜನು ಅಚ್ಚಿನ ರೂಪದಲ್ಲಿ ವಿದ್ವಾಂಸರ ಕೈಗೆ ಸುಲಭವಾಗಿ ದೊರೆಯುವಂತಾಗಲು ಈ ಸಂಪಾದನೆಯೂ ಒಂದು ಮುಖ್ಯ ಕಾರಣ.

ಆಮೇಲೆ ನಿಘಂಟು. ಹಳಗನ್ನಡ ಕಾವ್ಯ, ಶಾಸನ, ವೈದ್ಯ, ಗಾದೆ, ಒಕ್ಕಲಿಗರ ಮಾತು, ಅಡಿಗೆಮನೆಯ ಮಾತು, ಎಲ್ಲ ಕಡೆಯಿಂದಲೂ ಶಬ್ದಗಳನ್ನು ಆಯ್ದರು. ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಅದಕ್ಕೆ ಹತ್ತಿರದ ರೂಪ ಯಾವುದೆಂದು ತೂಗಿ ನೋಡಿದರು. ೧೮೭೭ರಲ್ಲಿ ಜರ್ಮನಿಗೆ ಹೋದವರು ಇದೇ ಕೆಲಸಕ್ಕಾಗಿ ೧೮೮೩ರಲ್ಲಿ ಮತ್ತೆ ಬಂದರು. ಅಷ್ಟರಲ್ಲಿ ದೇಹ ಸೋತಿತ್ತು, ಕಣ್ಣು ಮಂಜಾಗುತ್ತಿತ್ತು. ೧೮೯೨ರಲ್ಲಿ ಕೊನೆಯ ಸಾರಿ ಹಿಂದಿರುಗಿದರು. ೧೮೯೪ರಲ್ಲಿ ಗ್ರಂಥ ಹೊರಬಂತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು ಎಪ್ಪತ್ತು ಸಾವಿರ ಶಬ್ದ. ೧೮೯೬ರಲ್ಲಿ ಇವರಿಗೂ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟು ನೀಡಿತು. ೧೯೦೩ರಲ್ಲಿ ಅವರ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ಲರು ಕಾಲವಾದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಆದರೆ ಅವರ ನಿಜವಾದ ಸ್ಮಾರಕ ಆ ಗ್ರಂಥವೇ. ಮುಂದೆ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಮದ್ರಾಸು ವಿಶ್ವವಿದ್ಯಾನಿಲಯದ ಮೂಲಕ ಮತ್ತೆ ಹೊರತಂದರು.

ಬಲ್ಮಠದ ಏಳಿಗೆಗೆ ೧೯೧೪ರಲ್ಲಿ ತಡೆ ಬಿತ್ತು. ಮೊದಲ ಮಹಾಯುದ್ಧ ಆರಂಭವಾಗುತ್ತಲೇ ಜರ್ಮನ್ ಪಾದ್ರಿಗಳು ಇಂಗ್ಲಿಷ್ ಸರಕಾರದ ದೃಷ್ಟಿಯಲ್ಲಿ ಶತ್ರುದೇಶದವರಾದರು. ಅವರನ್ನು ಹಿಡಿದು ಅಹಮದನಗರದ ಶಿಬಿರದಲ್ಲಿಟ್ಟು, ಆಮೇಲೆ ಹಡಗು ಹತ್ತಿಸಿ ಕಳಿಸಿಬಿಟ್ಟರು. ಹಂಚಿನ ಹಾಗೂ ನೇಯ್ಗೆಯ ಕಾರಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ೧೯೧೯ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಮಿಶನ್ನಿನವರು ೧೯೨೦ರ ದಶಕದಲ್ಲಿ ಮರಳಿ ಬಂದರಾದರೂ ಹಿಂದಿನ ವೈಭವ ಮರಳಲಿಲ್ಲ. ಸ್ವಾತಂತ್ರ್ಯಾನಂತರ ಇಲ್ಲಿಯ ಸಭೆಗಳು ಇಲ್ಲಿಯವರ ಆಡಳಿತದಲ್ಲಿಯೇ ಮುಂದುವರಿದವು. ಬಲ್ಮಠದ ಹಳೆಯ ಸೆಮಿನರಿ ೧೯೬೫ರಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಾಯಿತು. ಅಲ್ಲಿಯ ಭಂಡಾರದಲ್ಲಿ ಹಳೆಯ ಪುಸ್ತಕಗಳು, ಓಲೆಗರಿಗಳು, ದಾಖಲೆಗಳು ಇವೆ. ಮಂಗಳೂರಿಗೆ ಹೋದವರು ಕಡಲು ನೋಡಿ ಬರುತ್ತಾರೆ; ಅಭಿರುಚಿಯುಳ್ಳವರು ಬಲ್ಮಠದ ಗುಡ್ಡವನ್ನೂ ಹತ್ತಿ ಬರಬೇಕು.

ಈಗ ಮತ್ತೆ ಹೊನೊಲುಲುವಿನ ಮನೆಯ ಕಡೆ ತಿರುಗಿ ನೋಡೋಣ. ಅಲ್ಲಿ ಅಕ್ಷರ ಕಲಿತ ಜನ ಬೇಗನೆ ಓದಿನಲ್ಲಿ ಮುಂದೆ ಬಂದರು. ೧೮೩೪ರಲ್ಲಿ, ನಮ್ಮಲ್ಲಿಗೆ ಮೂವರು ಪಾದ್ರಿಗಳು ಬಂದ ವರ್ಷದಲ್ಲಿಯೇ, ಹವಾಯಿ ಭಾಷೆಯ ಮೊದಲ ಪತ್ರಿಕೆ ಹೊರಟಿತು. ಅಚ್ಚು, ಪುಸ್ತಕ, ಪತ್ರಿಕೆ ಎಲ್ಲವೂ ಇದ್ದವು. ಆದರೂ ಆದುದೇನು? ೧೮೯೩ರಲ್ಲಿ ಅಲ್ಲಿಯ ರಾಣಿಯನ್ನು ಪದಚ್ಯುತಗೊಳಿಸಿದರು. ೧೮೯೬ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಬೋಧನ ಮಾಧ್ಯಮವೆಂದು ಕಾಯದೆ ಬಂತು. ಟ್ಯೂಬಿಂಗೆನ್ನಿನಲ್ಲಿ ಕನ್ನಡದ ಸೇವೆಗಾಗಿ ಕಿಟೆಲ್ಲರನ್ನು ಗೌರವಿಸಿದ ವರ್ಷವೇ ಅದು! ಎರಡು ಮೂರು ತಲೆಮಾರುಗಳಲ್ಲಿ ಆ ನುಡಿ ಮನೆಗಳಿಂದಲೇ ಮರೆಯಾಗತೊಡಗಿತು. ೧೯೭೮ರಲ್ಲಿ ರಾಜ್ಯಾಂಗದಲ್ಲಿ ಅದಕ್ಕೆ ಮತ್ತೆ ಸ್ಥಾನ ಕೊಟ್ಟು, ಹಳೆಯ ಪತ್ರಿಕೆಗಳ ಪುಟ ಬಿಡಿಸಿ, ಮಕ್ಕಳಿಗೆ ಮೊದಲಿನಿಂದ ಕಲಿಸುವ ಸಾಹಸವನ್ನು ಅಲ್ಲಿಯವರು ಮಾಡುತ್ತಿದ್ದಾರೆ.

ಇದರಿಂದ ನಾವು ತಿಳಿಯುವುದೇನು? ಅಚ್ಚಿನ ಮನೆ ಒಂದು ನುಡಿಯನ್ನು ಕೂಡಿಡಬಲ್ಲುದು, ಬದುಕಿಸಿಡಲಾರದು. ಬದುಕಿಸುವುದು ಜನ ವಾಸಿಸುವ ಮನೆ. ಬಲ್ಮಠದವರು ಕಲ್ಲಿನ ಮೇಲೆ ದಾಸರ ಪದ ಇಳಿಸುವ ಮೊದಲು ಮುನ್ನೂರು ವರ್ಷ ಅದನ್ನು ಹಾಡಿ ಉಳಿಸಿದವರು ನಮ್ಮ ಹೆಣ್ಣುಮಕ್ಕಳು, ನಮ್ಮ ಭಜನೆಯವರು. ಬಸವಪುರಾಣವನ್ನು ಓಲೆಯಿಂದ ಓಲೆಗೆ ಪ್ರತಿ ಮಾಡಿ ಕಾಯ್ದವರು ಮಠದ ಅಯ್ಯಗಳು, ಹಳ್ಳಿಯ ಪುರಾಣಿಕರು. ಕಲ್ಲಚ್ಚಿಗೆ ಅಂದವಾಗಿ ಬರೆದುಕೊಟ್ಟ ಲೇಖಕರು, ಪಾಠ ಹೇಳಿದ ಮುನಶಿಗಳು, ಶಬ್ದದ ಅರ್ಥ ಕೇಳಿದಾಗ ಹೊಲದ ಬದುವಿನ ಮೇಲೆ ನಿಂತು ಬಿಡಿಸಿ ಹೇಳಿದ ರೈತರು, ಇವರೆಲ್ಲ ಆ ಕೆಲಸದ ಪಾಲುದಾರರೇ. ಮೋಗ್ಲಿಂಗ್, ಕಿಟೆಲ್ಲರಿಗೆ ಕೈ ಮುಗಿಯುವಾಗ ಹೆಸರಿಲ್ಲದ ಇವರನ್ನೂ ನೆನೆಯುವುದು ನ್ಯಾಯ. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಮರೆಯುವುದು ಕೃತಜ್ಞತೆಯೂ ಅಲ್ಲ, ಅಭಿಮಾನವೂ ಅಲ್ಲ.

ಕಿಟೆಲ್ಲರ ನಿಘಂಟನ್ನು ನೀವು ಗ್ರಂಥಾಲಯದಲ್ಲಾದರೂ ಒಮ್ಮೆ ತೆರೆದು ನೋಡಿರಿ. ಅನೇಕ ಶಬ್ದಗಳ ಮುಂದೆ ಒಂದು ಚಿಕ್ಕ ಗುರುತು ಕಾಣುತ್ತದೆ. ಆ ಶಬ್ದ "ದಕ್ಷಿಣ ಮರಾಠಾ" ಸೀಮೆಯದು ಎಂದು ಅದರ ಅರ್ಥ. ಮುಂಬಯಿ ಇಲಾಖೆಯಲ್ಲಿದ್ದ ನಮ್ಮ ಧಾರವಾಡ ಪ್ರಾಂತಕ್ಕೆ ಅಂದಿನ ಸರಕಾರ ಇಟ್ಟ ಹೆಸರು ಅದು. ನಾಡಿನ ಹೆಸರಿನಲ್ಲಿಯೇ ಕನ್ನಡವಿಲ್ಲದ ಕಾಲ! ಆದರೆ ಆ ಗುರುತಿನ ಪಕ್ಕದಲ್ಲಿರುವ ಮಾತು ಮಾತ್ರ ಅಪ್ಪಟ ನಮ್ಮದು. ನಿಮ್ಮ ಅಜ್ಜಿಯ ಅಜ್ಜಿ ಒಲೆಯ ಮುಂದೆ ಕುಳಿತು ಆಡಿದ ಮಾತು. ಸರಕಾರದ ನಕಾಶೆ ಕಾಣದಿದ್ದ ಕನ್ನಡವನ್ನು ಆ ಪರದೇಶಿಯ ಕಿವಿ ಕೇಳಿತು, ಕೈ ಬರೆದಿಟ್ಟಿತು.

ಮುಂದಿನ ಸಾರಿ ಮನೆಯಲ್ಲಿ ಮಗುವೊಂದು ಅಜ್ಜಿಯ ಬಾಯಿಂದ ಹಳೆಯ ಮಾತೊಂದನ್ನು ಕೇಳಿ "ಹಂಗಂದ್ರೇನು?" ಎಂದು ಕೇಳಿದರೆ, ಕೆಲಸದ ಅವಸರದಲ್ಲಿ ಗದರಿಸಿ ಕಳಿಸಬೇಡಿರಿ. ಕೂಡ್ರಿಸಿಕೊಂಡು ಬಿಡಿಸಿ ಹೇಳಿರಿ. ಬಲ್ಮಠದ ಮನೆಯವರು ಸಾಗರ ದಾಟಿ ಬಂದು ಕೇಳಿದ ಪ್ರಶ್ನೆಯೂ ಅದೇ ಆಗಿತ್ತು. ಅದಕ್ಕೆ ಉತ್ತರ ಹೇಳುವವರು ಅಂದು ನಮ್ಮ ಮನೆಗಳಲ್ಲಿದ್ದರು.